ಬಾತು ಮರಿ ನನ್ನ ಚಪ್ಪಲಿನೇ ಅಮ್ಮ ಅನ್ಕೊಂಡಿದೆ, ಏನ್ ಮಾಡೋದು?

ತೋಟದ್ಮನೆ_ಹಾಸನ

ಎಲ್ರಿಗೂ ನಮಸ್ಕಾರ. ಇಲ್ಲಿ ಹಕ್ಕಿ ಬಗ್ಗೆ ಗೊತ್ತಿರೋರು ಸುಮಾರು ಜನ ಇದ್ದೀರ ಅಂತ ಕೇಳ್ತಿದೀನಿ, ಸ್ವಲ್ಪ ಉದ್ದ ಆಗುತ್ತೆ, ಬೇಜಾರ್ ಮಾಡ್ಕೋಬೇಡಿ.

ನಮ್ಮ ಮಾವನವರು ಪರಿಚಯದವ್ರ ಹತ್ರ 9 ಬಾತುಕೋಳಿ ಮೊಟ್ಟೆ ತಂದಿದ್ರು. ನಮ್ಮನೇಲಿ ಬಾತು ಇಲ್ಲ, ಇರೋದೆಲ್ಲ ನಾಟಿ ಕೋಳಿ, ಅದ್ರಲ್ಲಿ ಒಂದು ಹ್ಯಾಟೆ ಆಗಷ್ಟೇ ಕಾವಿಗೆ ಕೂತಿತ್ತು, ಅದರ ಮೊಟ್ಟೆ ತೆಗೆದು ಇವನ್ನ ಇಟ್ವಿ. ಕೋಳಿ ಮೊಟ್ಟೆ ಆದ್ರೆ 21 ದಿನ, ಬಾತಿಂದು 28, ಪಾಪ ಅದು ಒಂದು ವಾರ ಜಾಸ್ತಿನೇ ಕೂತ್ಕೊಂಡಿತ್ತು. 6 ಮರಿ ಆಯ್ತು, ಎರಡು ಮೊಟ್ಟೆ ಕೊಳ್ತೋಗಿತ್ತು, ಇನ್ನೊಂದು ಬಿರುಕು ಬಿಟ್ಟು ಅಷ್ಟಕ್ಕೇ ನಿಂತೋಗಿತ್ತು. ಹ್ಯಾಟೆ ಆರು ಮರಿ ಕರ್ಕೊಂಡು ಎದ್ದು ಹೊರಟೋಯ್ತು, ಈ ಮೊಟ್ಟೆ ಅಲ್ಲೇ ತಣ್ಣಗಾಗ್ತಾ ಇತ್ತು. ಕಿವಿ ಹತ್ರ ಹಿಡಿದ್ರೆ ಒಳಗಿಂದ ಚಿಂವ್ ಚಿಂವ್ ಅಂತಿದೆ! ಮನಸ್ಸು ತಡೀಲಿಲ್ಲ, ಥರ್ಮಾಕೋಲ್ ಡಬ್ಬಕ್ಕೆ ಹಾಕಿ, ಒದ್ದೆ ಬಟ್ಟೆ ಇಟ್ಟು, ಮೇಲೆ 40 ವ್ಯಾಟ್ ಬಲ್ಬ್ ಹಾಕ್ದೆ. ಮಾರನೇ ದಿನ ಮಧ್ಯಾಹ್ನ ನಾನು ಪಕ್ಕದಲ್ಲೇ ನೆಲದ ಮೇಲೆ ಕೂತು ಅವರೆಕಾಯಿ ಬಿಡಿಸ್ತಾ ಅಮ್ಮನ ಜೊತೆ ಫೋನಲ್ಲಿ ಮಾತಾಡ್ತಾ ಇದ್ದೆ, ಆಗ ಹೊರಗೆ ಬಂತು.

ಅಷ್ಟೇ ನೋಡಿ. ಇವತ್ತಿಗೆ 5 ದಿನ. ನಾನು ಎದ್ರೆ ಏಳುತ್ತೆ, ಕೂತ್ರೆ ಪಾದದ ಮೇಲೆ ಹತ್ತಿ ಕೂರುತ್ತೆ. ಬಾತ್ರೂಮಿಗೆ ಹೋದ್ರೆ ಬಾಗಿಲ ಹೊರಗೆ ನಿಂತು ಊರೆಲ್ಲ ಕೇಳೋ ಹಂಗೆ ಅಳುತ್ತೆ. ಮಗಳು ಬಾಲಂಗೋಚಿ ಅಂತ ಹೆಸ್ರಿಟ್ಟಿದಾಳೆ. ವಿಚಿತ್ರ ಏನು ಅಂದ್ರೆ ನನಗಿಂತ ನನ್ನ ನೀಲಿ ಹವಾಯಿ ಚಪ್ಪಲಿ ಮೇಲೆ ಅದಕ್ಕೆ ಪ್ರಾಣ. ಮೊನ್ನೆ ಅತ್ತೆ ಆ ಚಪ್ಪಲಿ ಹಾಕ್ಕೊಂಡು ಹಿತ್ಲಿಗೆ ಹೋದ್ರೆ ನನ್ನ ಬಿಟ್ಟು ಅವ್ರ ಹಿಂದೆ ಹೋಯ್ತು, ಅರ್ಧ ದಾರೀಲಿ ನಾನು ಕೂಗ್ದೆ, ಆಮೇಲೆ ಅತ್ಲಾಗೆ ಹೋಗ್ಲೋ ಇತ್ಲಾಗೆ ಬರ್ಲೋ ಗೊತ್ತಾಗ್ದೆ ನಡುವೆ ನಿಂತ್ಕೊಂಡು ಕಿರುಚ್ತು.

ಹ್ಯಾಟೆ ಹತ್ರ ಬಿಟ್ಟು ನೋಡ್ದೆ, ತಲೆಗೇ ಕುಕ್ಕಿ ಓಡಿಸ್ತು. ಇದು ಜೀವನಪೂರ್ತಿ ಹಿಂಗೇನಾ? ಇನ್ನೊಂದ್ ವಿಷ್ಯ, ಆ ಆರು ಮರಿ ನೆನ್ನೆ ತೋಟದ ತೊಟ್ಟಿ ಪಕ್ಕದ ಗುಂಡಿ ನೀರಿಗೆ ಇಳಿದು ಆರಾಮಾಗಿ ಈಜ್ತಾ ಇದ್ವು, ಹ್ಯಾಟೆ ದಡದಲ್ಲಿ ರೆಕ್ಕೆ ಬಡ್ಕೊಂಡು ಆ ಕಡೆ ಈ ಕಡೆ ಓಡಾಡಿ ಕೂಗಿದ್ದೇ ಕೂಗಿದ್ದು. ಕೋಳಿನ ಅಮ್ಮ ಅಂತ ನಂಬಿರೋ ಮರಿಗಳಿಗೆ ಈಜು ಯಾರು ಕಲಿಸಿದ್ರು?

ಮುದ್ದೆಪ್ರಿಯ

ಅಕ್ಕ ನಮ್ಮನೇಲೂ ಇಂಥದ್ದೊಂದಿದೆ, 34 ವರ್ಷ ವಯಸ್ಸು, ಅಮ್ಮ ಅಡುಗೆಮನೆಗೆ ಹೋದ್ರೆ ಹಿಂದೆನೇ ಹೋಗುತ್ತೆ. ಅಣ್ಣ ಅಂತಾರೆ ಅದಕ್ಕೆ. ಪರಿಹಾರ ಸಿಕ್ರೆ ನಂಗೂ ಹೇಳಿ.

ಹಕ್ಕಿಹುಚ್ಚ

ಇದಕ್ಕೆ ಇಂಪ್ರಿಂಟಿಂಗ್ ಅಂತಾರೆ, ಕನ್ನಡದಲ್ಲಿ ಅಚ್ಚೊತ್ತೋದು ಅನ್ನಬಹುದು. ಜರ್ಮನ್ನಲ್ಲಿ ಇದಕ್ಕಿರೋ ಪದ ಪ್ರೇಗುಂಗ್, ನಾಣ್ಯಕ್ಕೆ ಅಚ್ಚು ಹೊಡೆಯೋದಕ್ಕೂ ಅದೇ ಮಾತು. ಕೋಳಿ, ಬಾತು, ನವಿಲು, ಕೊಕ್ಕರೆ ಜಾತಿಯ ಸಾರಸ ಇಂಥವೆಲ್ಲ (ಸಾರಸ ಕೊಕ್ಕರೆ ಅಲ್ಲ, ಯಾರೂ ಜಗಳಕ್ಕೆ ಬರಬೇಡಿ, ಬಾಯಿತಪ್ಪಿ ಬಂತು) ಮೊಟ್ಟೆಯಿಂದ ಬರುವಾಗ್ಲೇ ಕಣ್ಣು ಬಿಟ್ಕೊಂಡು, ಮೈತುಂಬ ತುಪ್ಪಳ ಹೊತ್ಕೊಂಡು ಬರ್ತವೆ, ಅವತ್ತೋ ಮಾರನೇ ದಿನಾನೋ ನಡೆಯೋಕೂ ಶುರು ಮಾಡ್ತವೆ. ನಡೆಯೋ ಮರಿಗೆ ಯಾರ ಹಿಂದೆ ನಡೀಬೇಕು ಅನ್ನೋದು ತಕ್ಷಣ ಗೊತ್ತಾಗ್ಬೇಕು, ಇಲ್ದಿದ್ರೆ ಹದ್ದಿನ ಬಾಯಿಗೆ. ಆದ್ರೆ ಅಮ್ಮನ ಫೋಟೋ ತಲೇಲಿ ಇಟ್ಕೊಂಡು ಹುಟ್ಟಲ್ಲ, ಹತ್ರದಲ್ಲಿ ಅಲ್ಲಾಡ್ತಾ ಸದ್ದು ಮಾಡ್ತಾ ಇರೋದನ್ನೇ ಅಮ್ಮ ಅಂತ ಗುರುತು ಹಾಕ್ಕೊಳ್ಳುತ್ತೆ. ಕಾಡಲ್ಲಿ ಅಲ್ಲಿ ಇರೋದು ಅಮ್ಮನೇ ಆದ್ರಿಂದ ನೂರಕ್ಕೆ ತೊಂಬತ್ತೊಂಬತ್ತು ಸಲ ತಪ್ಪಾಗಲ್ಲ. ನಿಮ್ಮನೇಲಿ ಅವರೆಕಾಯಿ ಬಿಡಿಸ್ತಾ ಇದ್ದಿದ್ದು ನೀವು.

ಇದನ್ನ ಮೊದಲು ಸರಿಯಾಗಿ ಗಮನಿಸಿ ಬರೆದವನು ಡಗ್ಲಸ್ ಸ್ಪಾಲ್ಡಿಂಗ್ ಅಂತ ಒಬ್ಬ ಇಂಗ್ಲೆಂಡಿನವನು, 1873ರಲ್ಲಿ. ಕೋಳಿಮರಿ ಹುಟ್ಟಿದ ಕೂಡ್ಲೇ ಕಣ್ಣಿಗೆ ಟೋಪಿ ಥರ ಹಾಕಿ ಮುಚ್ಚಿ, ಆಮೇಲೆ ತೆಗೆದು ಏನ್ಮಾಡ್ತವೆ ನೋಡ್ತಿದ್ದ. ಆದ್ರೆ ಹೆಸ್ರು ಬಂದಿದ್ದು ಆಸ್ಟ್ರಿಯಾದ ಕೊನ್ರಾಡ್ ಲೊರೆಂಟ್ಸ್‌ಗೆ, 1935ರ ಅವನ ದೊಡ್ಡ ಲೇಖನದಿಂದ. ಹೆಬ್ಬಾತು ಮೊಟ್ಟೆಗಳನ್ನ ಎರಡು ಪಾಲು ಮಾಡಿ ಅರ್ಧ ತಾಯಿ ಹತ್ರ ಬಿಟ್ಟು, ಅರ್ಧ ಇನ್‌ಕ್ಯುಬೇಟರ್‌ನಲ್ಲಿ ಮರಿ ಮಾಡ್ಸಿ, ಆ ಪಾಲಿಗೆ ತಾನೇ ಎದುರಿಗಿದ್ದ. ಆಮೇಲೆ ಎಲ್ಲಾ ಮರಿನೂ ಒಂದೇ ಡಬ್ಬದ ಕೆಳಗೆ ಹಾಕಿ ಬೆರೆಸಿ ಡಬ್ಬ ಎತ್ತಿದ್ರೆ, ಒಂದು ಗುಂಪು ಸೀದಾ ಹೆಬ್ಬಾತು ಕಡೆ, ಇನ್ನೊಂದು ಗುಂಪು ಸೀದಾ ಇವನ ಕಡೆ. 1973ರಲ್ಲಿ ಟಿನ್‌ಬರ್ಗನ್, ಫಾನ್ ಫ್ರಿಷ್ ಜೊತೆ ನೊಬೆಲ್ ಬಂತು. (1938ರಲ್ಲಿ ನಾಜಿ ಪಕ್ಷ ಸೇರಿದ್ದ ಮನುಷ್ಯ, ಅದನ್ನೂ ಹೇಳದೆ ಬರೀ ಹೊಗಳೋಕೆ ನಂಗೆ ಮನಸ್ಸಾಗಲ್ಲ.)

ನಿಮ್ಮ ಕೇಸಿಗೆ ಹತ್ತಿರ ಇರೋದು ಬೇರೆ. ಹೆಬ್ಬಾತು ಮರಿ ಮನುಷ್ಯನ್ನ ಸುಲಭವಾಗಿ ಒಪ್ಕೊಳ್ತಿದ್ವು, ಆದ್ರೆ ಮಲಾರ್ಡ್ ಬಾತು ಮರಿ ಅವನನ್ನ ಕಂಡ್ರೆ ಹೆದ್ರಿ ಓಡ್ತಿದ್ವು. ಕೊನೆಗೆ ಅವನು ತಾಯಿ ಬಾತು ಥರ ಕ್ವಾಕ್ ಕ್ವಾಕ್ ಅಂತ ಬಾಯಲ್ಲಿ ಕೂಗ್ತಾ ಹುಲ್ಲಲ್ಲಿ ಕುಕ್ಕರಗಾಲಲ್ಲಿ ಹೋದಾಗ ಮಾತ್ರ ಹಿಂದೆ ಬಂದ್ವು, ನಿಂತ್ರೆ ಅಳೋಕೆ ಶುರು, ಕೂಗು ನಿಲ್ಲಿಸಿದ್ರೂ ಅಳೋಕೆ ಶುರು. ಬೇಲಿ ಆಚೆ ನಿಂತವ್ರಿಗೆ ಹುಲ್ಲಲ್ಲಿರೋ ಮರಿ ಕಾಣ್ತಿರ್ಲಿಲ್ಲ, ಗಡ್ಡದ ಗಂಡಸೊಬ್ಬ ಕುಕ್ಕರಗಾಲಲ್ಲಿ ಸುತ್ತಾಡ್ತಾ ಕ್ವಾಕ್ ಅನ್ನೋದಷ್ಟೇ ಕಾಣ್ತಿತ್ತು. ನಾವು ಸಾಕೋ ಬಾತುಗಳಲ್ಲಿ ಹೆಚ್ಚಿನವು ಮಲಾರ್ಡ್ ವಂಶದವೇ. ಅದಕ್ಕೇ ಕೇಳ್ತಿದೀನಿ, ಮರಿ ಹೊರಗೆ ಬರುವಾಗ ಅಮ್ಮನ ಜೊತೆ ಫೋನಲ್ಲಿ ಎಷ್ಟು ಹೊತ್ತು ಮಾತಾಡ್ತಿದ್ರಿ? ನೆಲದ ಮೇಲೆ ಕೂತಿದ್ರಿ ಅಂದ್ರಲ್ಲ, ಎತ್ತರನೂ ಕಮ್ಮಿ, ಬಾಯೂ ನಿಂತಿಲ್ಲ, ಅದಕ್ಕೆ ಇನ್ನೇನು ಬೇಕು.

ಈಜು ಯಾರೂ ಕಲಿಸಲ್ಲ, ಅದು ಹುಟ್ಟಿಂದ ಬರೋದು. ಯಾರ ಹಿಂದೆ ಹೋಗ್ಬೇಕು ಅನ್ನೋದು ಕಲಿಕೆ, ನೀರು ಕಂಡ್ರೆ ಇಳಿಯೋದು ಕಲಿಕೆ ಅಲ್ಲ.

ತೋಟದ್ಮನೆ_ಹಾಸನ

ಅಯ್ಯೋ ಒಂದ್ ಗಂಟೆ ಮೇಲೇ ಮಾತಾಡಿದೀನಿ, ನಮ್ಮಮ್ಮ ಫೋನ್ ಇಡೋರಲ್ಲ. ಹಂಗಾದ್ರೆ ಬಾಲಂಗೋಚಿಗೆ ಅಜ್ಜಿ ಧ್ವನಿನೂ ಗೊತ್ತು ಅನ್ಸುತ್ತೆ.

ಗಬ್ಬೂರ_ಕೋಳಿಫಾರಂ

ಅಕ್ಕಾರ, ಹೆದರಬ್ಯಾಡ್ರಿ. ನಮ್ಮ ಅವ್ವ ಹುಟ್ಟಿದಾಗಿಂದ ಕೋಳಿ ಜೋಡಿನ ಬೆಳದಾಕಿ. ಮರಿ ಹ್ಯಾಟಿಗೆ ಸೇರಸೂದು ಇದ್ರ ಮೊದಲನೇ ದಿನಾನ ಸೇರಸಬೇಕಿತ್ತು ನೋಡ್ರಿ, ಅದೂ ಹಗಲಿಗಲ್ಲ. ರಾತ್ರಿ ಕತ್ತಲಾದ ಮ್ಯಾಲೆ ಸಪ್ಪಳ ಮಾಡದ ಹೊಟ್ಟಿ ಕೆಳಗ ಸರಿಸಿ ಬಿಡಬೇಕು, ಮುಂಜಾನೆ ಎದ್ದು ಇದೂ ನಂದ ಅಂತ ತಿಳ್ಕೋತೈತಿ. ಐದು ದಿನ ಆದ ಮ್ಯಾಲೆ ಅದು ಒಪ್ಪೂದು ಕಷ್ಟ, ಮರಿನೂ ಒಪ್ಪಂಗಿಲ್ಲ. ಒತ್ತಾಯ ಮಾಡಿದ್ರ ತಲಿ ಒಡದು ಹಾಕತೈತಿ, ಬ್ಯಾಡ್ರಿ.

ಅದರ ಬದಲಿ ಅದೇ ವಯಸ್ಸಿನ ಎರಡು ಬಾತು ಮರಿ ತರ್ರಿ. ಒಂದ ತರಬ್ಯಾಡ್ರಿ, ಎರಡು ತರ್ರಿ.

ಇನ್ನೊಂದು ಮಾತು. ಒಂಟಿ ಮರಿನ್ನ ನೀರಾಗ ಬಿಡಬ್ಯಾಡ್ರಿ ಈಗ. ಆ ಆರು ಮರಿ ಈಜಿ ಬಂದು ಹ್ಯಾಟಿ ರೆಕ್ಕಿ ಕೆಳಗ ಬೆಚ್ಚಗ ಆಗ್ತಾವು, ನಿಮ್ಮದಕ್ಕ ರೆಕ್ಕಿ ಇಲ್ಲ, ಒದ್ದಿ ಆದ್ರ ನಡುಗಿ ಸತ್ತ ಹೋಗತೈತಿ. ಮೂಗು ಮುಳುಗುವಷ್ಟು ಆಳದ ಬಟ್ಟಲದಾಗ ಕುಡಿಯಾಕ ನೀರು ಇಡ್ರಿ, ಮೂಗಿನಾಗ ಮ್ಯಾಶ್ (ಪುಡಿ ಮೇವು) ಹೆಪ್ಪಗಟ್ಟತೈತಿ, ತೊಳಕೋಬೇಕು ಅದು. ಬರೇ ನುಚ್ಚಕ್ಕಿ ಮ್ಯಾಲೆ ಇಡಬ್ಯಾಡ್ರಿ, ಬಾತಿಗೆ ಕೋಳಿಗಿಂತ ನಯಾಸಿನ್ ಅನ್ನೂ ವಿಟಮಿನ್ ಜಾಸ್ತಿ ಬೇಕು, ಸಾಲದಿದ್ರ ಕಾಲು ಸೊಟ್ಟ ಆಗತಾವು. ಸ್ಟಾರ್ಟರ್ ಮ್ಯಾಶ್‌ನಾಗ ಬ್ರೂವರ್ಸ್ ಈಸ್ಟ್ ಚೂರು ಕಲಸಿ ಹಾಕ್ರಿ.

ನೀರ್ದೋಸೆ_ಕುಡ್ಲ

ಮಾರಾಯ್ರೆ ಒಂದು ಡೌಟು. ಕೋಗಿಲೆ ಮೊಟ್ಟೆ ಕಾಗೆ ಗೂಡಲ್ಲಿ ಅಲ್ವಾ, ಮರಿ ಕಣ್ಣು ಬಿಟ್ಟಾಗ ಎದ್ರಿಗೆ ಇರೋದು ಕಾಗೆಯೇ, ತುತ್ತು ಕೊಡೋದೂ ಕಾಗೆಯೇ. ಹಾಗಾದ್ರೆ ಕೋಗಿಲೆಗೆ ನಾನು ಕಾಗೆ ಅಂತ ಯಾಕೆ ಅನಿಸೂದಿಲ್ಲ? ದೊಡ್ಡದಾಗಿ ಕಾ ಕಾ ಹೇಳ್ಬೇಕಿತ್ತಲ್ಲ ಅದು.

ಹಕ್ಕಿಹುಚ್ಚ

ಒಳ್ಳೇ ಪ್ರಶ್ನೆ. ಕೂಗೋದನ್ನ ಕೇಳಿ ಕಲಿಯೋ ಹಕ್ಕಿಗಳು ಮುಖ್ಯವಾಗಿ ಮೂರು ಗುಂಪು, ಹಾಡುಹಕ್ಕಿಗಳು, ಗಿಳಿಗಳು, ಹಮ್ಮಿಂಗ್‌ಬರ್ಡ್‌ಗಳು. ಕೋಗಿಲೆ ನಾವು ಎಷ್ಟೇ ಹಾಡುಗಾರ ಅಂದ್ರೂ ಈ ಲಿಸ್ಟಲ್ಲಿ ಇಲ್ಲ, ತಮಾಷೆ ಅಂದ್ರೆ ಕಾಗೆ ಇದೆ! ಕೋಗಿಲೆ ಕುಹೂ ಅನ್ನೋದನ್ನ ಯಾರ ಹತ್ರನೂ ಕಲಿಯೋದು ಬೇಕಾಗಿಲ್ಲ, ಹುಟ್ಟುವಾಗ್ಲೇ ಅದರ ಜೊತೆ ಬಂದಿರುತ್ತೆ. ಯೋಚ್ನೆ ಮಾಡಿ, ಬೇರೆಯವ್ರ ಗೂಡಲ್ಲಿ ಬೆಳೆಯೋ ಹಕ್ಕಿ ಸಾಕಿದವರ ಥರಾನೇ ಆಗೋ ಹಾಗಿದ್ರೆ ಒಂದೇ ತಲೆಮಾರಿಗೆ ಆ ವಂಶನೇ ನಿಂತೋಗ್ತಿತ್ತು.

ಹಾಡುಹಕ್ಕಿಗಳದ್ದು ಉಲ್ಟಾ. ಕೇಂಬ್ರಿಡ್ಜಲ್ಲಿ ಥಾರ್ಪ್ 1950ರ ದಶಕದಲ್ಲಿ ಚಾಫಿಂಚ್ ಮರಿಗಳನ್ನ ದೊಡ್ಡ ಹಕ್ಕಿ ಹಾಡು ಕಿವಿಗೆ ಬೀಳದ ಹಾಗೆ ಬೆಳೆಸಿದ, ದೊಡ್ಡವಾದ್ಮೇಲೆ ಅವು ಹಾಡಿದ್ದು ಹರಕುಮುರುಕು. ಅಮೆರಿಕದ ಬಿಳಿ ಕಿರೀಟದ ಗುಬ್ಬಿಗಳಲ್ಲಿ ಊರಿಂದೂರಿಗೆ ಹಾಡಿನ ಧಾಟಿನೇ ಬೇರೆ ಇದೆ ಅಂತ ಪೀಟರ್ ಮಾರ್ಲರ್ ತೋರಿಸಿದ, ನಮ್ಮ ಧಾರವಾಡ ಮಂಗ್ಳೂರು ಮೈಸೂರು ಇದ್ದಂಗೆ.

ಕೆರೆಏರಿ

ಮೇಲೆ ಎಲ್ಲಾ ಚೆನ್ನಾಗಿ ಹೇಳಿದೀರಿ, ಆದ್ರೆ ಅಚ್ಚು ಅನ್ನೋ ಪದ ಜನಕ್ಕೆ ತಪ್ಪು ಕಲ್ಪನೆ ಕೊಡುತ್ತೆ ಅಂತ ನನ್ನ ತಕರಾರು. ಒಂದ್ಸಲ ಬಿದ್ರೆ ಮುಗೀತು, ಅಳಿಯಲ್ಲ ಅಂತ ಲೊರೆಂಟ್ಸ್ ಹೇಳಿದ್ದು ನಿಜ, ಆಮೇಲೆ ಬಂದವ್ರು ಅದನ್ನ ಸುಮಾರು ಸಡಿಲ ಮಾಡಿದಾರೆ.

ಚಿಕಾಗೋದಲ್ಲಿ ಎಕ್‌ಹಾರ್ಡ್ ಹೆಸ್ ಮರದ ಬಾತು ಬೊಂಬೆನ ಗುಂಡನೆ ಟ್ರ್ಯಾಕಲ್ಲಿ ಸುತ್ತಿಸಿ ಅದರ ಹಿಂದೆ ಮರಿ ಬಿಟ್ಟು ಅಳತೆ ಮಾಡ್ದ, ಹುಟ್ಟಿ 13ರಿಂದ 16 ಗಂಟೆ ಒಳಗೆ ಇದು ಅತಿ ಜೋರಾಗಿ ಹಿಡಿಯುತ್ತೆ ಅಂತ ಬಂತು. ಆದ್ರೆ ಅಚ್ಚು ಬೀಳೋ ಈ ಹೊತ್ತು ಅನ್ನೋ ಕಿಟಕಿ ಗಡಿಯಾರ ನೋಡ್ಕೊಂಡು ಮುಚ್ಚಲ್ಲ. ಕತ್ತಲಲ್ಲಿ, ನೋಡೋಕೆ ಏನೂ ಇಲ್ಲದೆ ಬೆಳೆದ ಮರಿಗೆ ಅದು ಇನ್ನೂ ಜಾಸ್ತಿ ಹೊತ್ತು ತೆರೆದೇ ಇರುತ್ತೆ. ಪ್ಯಾಟ್ರಿಕ್ ಬೇಟ್ಸನ್ ವಾದ ಏನು ಅಂದ್ರೆ, ಒಂದನ್ನ ಕಲಿತಿದ್ದೇ ಬಾಗಿಲು ಹಾಕೋದು, ಪರಿಚಯ ಆದ್ಮೇಲೆ ಮಿಕ್ಕಿದ್ದೆಲ್ಲ ಅಪರಿಚಿತ ಆಗಿ ಹೆದರಿಕೆ ಹುಟ್ಟುತ್ತೆ. ಹಾಗಾಗಿ ಜೊತೆ ಮರಿಗಳ ಸಹವಾಸ ಸಿಕ್ರೆ ಬಾಲಂಗೋಚಿಗೆ ಇನ್ನೂ ದಾರಿ ಇದೆ, ಗಬ್ಬೂರಿನವ್ರ ಸಲಹೆನೇ ಸರಿ.

ಚಪ್ಪಲಿ ವಿಷ್ಯಕ್ಕೆ ಒಂದು ಮಾತು ಹೇಳ್ಲೇಬೇಕು. 2016ರಲ್ಲಿ ಆಕ್ಸ್‌ಫರ್ಡಿನ ಮಾರ್ಟಿನೋ, ಕಾಸೆಲ್ನಿಕ್ ಅನ್ನೋ ಇಬ್ರು ಬಾತು ಮರಿಗಳಿಗೆ ಜೋಡಿ ಆಕಾರ ತೋರಿಸಿದ್ರು, ಕೆಲವಕ್ಕೆ ಎರಡೂ ಒಂದೇ ಥರ, ಕೆಲವಕ್ಕೆ ಎರಡೂ ಬೇರೆ ಬೇರೆ. ಆಮೇಲೆ ಪೂರ್ತಿ ಹೊಸ ಆಕಾರದ ಜೋಡಿಗಳನ್ನ ಇಟ್ಟಾಗ, ಒಂದೇ ಥರದ ಜೋಡಿ ನೋಡಿದ್ದ ಮರಿಗಳು ಹೆಚ್ಚಾಗಿ ಒಂದೇ ಥರದ ಜೋಡಿ ಹಿಂದೆನೇ ಹೋದ್ವು. ಒಂದು ದಿನದ ಮರಿ! ನಿಮ್ಮದು ಹುಟ್ಟಿದ ದಿನವೇ ನೋಡಿದ್ದು ಒಂದು ಜೊತೆ ಚಪ್ಪಲಿ, ಅದಕ್ಕಿಂತ ಒಳ್ಳೇ ಜೋಡಿ ಎಲ್ಲಿ ಸಿಗುತ್ತೆ.

ಈಗ ಸೀರಿಯಸ್ ಆಗಿ. ಹಿಂದೆ ಹಿಂದೆ ಓಡೋದು ಬೆಳೀತಾ ಬೆಳೀತಾ ತಾನಾಗೇ ಕಮ್ಮಿ ಆಗುತ್ತೆ, ತೊಂದ್ರೆ ಅದಲ್ಲ. ದೊಡ್ಡದಾದಾಗ ಜೊತೆ ಯಾರನ್ನ ಹುಡುಕಬೇಕು ಅನ್ನೋ ಗುರುತೂ ಚಿಕ್ಕಂದಿನಲ್ಲೇ ಬೀಳುತ್ತೆ, ಅದು ಹೆಚ್ಚು ಗಟ್ಟಿ. ಜೀಬ್ರಾ ಫಿಂಚ್ ಮರಿಗಳನ್ನ ಬೆಂಗಾಲಿ ಫಿಂಚ್ ಗೂಡಲ್ಲಿ ಬೆಳೆಸಿದ್ರೆ ಗಂಡು ದೊಡ್ಡವಾದ್ಮೇಲೆ ಬೆಂಗಾಲಿ ಹೆಣ್ಣುಗಳಿಗೇ ಹಾಡು ಹೇಳ್ತವೆ ಅಂತ ಇಮ್ಮೆಲ್‌ಮನ್ ತೋರಿಸಿದ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಟೆಕ್ಸ್ ಅಂತ ಒಂದು ಹೂಪಿಂಗ್ ಕ್ರೇನ್ (ಸಾರಸ ಜಾತಿಯ ಹಕ್ಕಿ) ಇತ್ತು, ಮನುಷ್ಯರ ಕೈಲಿ ಬೆಳೆದ ಹೆಣ್ಣು, ತನ್ನ ಜಾತಿ ಗಂಡಿನ ಕಡೆ ತಿರುಗೂ ನೋಡ್ತಿರ್ಲಿಲ್ಲ. ಆ ಜಾತಿ ಅಳಿವಿನ ಅಂಚಲ್ಲಿತ್ತು, ಒಂದೊಂದು ಹಕ್ಕಿನೂ ಲೆಕ್ಕ. ಜಾರ್ಜ್ ಆರ್ಚಿಬಾಲ್ಡ್ ಅನ್ನೋ ವಿಜ್ಞಾನಿ ತಾನೇ ಗಂಡಿನ ಥರ ಅದರ ಎದುರಿಗೆ ಕೈ ಬೀಸ್ಕೊಂಡು, ಕುಣಿದು, ವರ್ಷಗಟ್ಲೆ ಹಿಂದೆ ಬಿದ್ದು ಮೊಟ್ಟೆ ಇಡೋ ಹದಕ್ಕೆ ತಂದ, ಕೃತಕ ಗರ್ಭಧಾರಣೆ ಮಾಡಿ 1982ರಲ್ಲಿ ಒಂದು ಮರಿ ಆಯ್ತು. ಅದೇ ವರ್ಷ ಟೆಕ್ಸನ್ನ ರಕೂನ್‌ಗಳು ಕೊಂದವು.

ಹೆಜ್ಜಾರ್ಲೆ_ಮಂಡ್ಯ

ಕೆರೆಏರಿ ಅವ್ರು ಹೇಳಿದ್ದಕ್ಕೆ ಸೇರಿಸ್ತೀನಿ. ಅದೇ ಹೂಪಿಂಗ್ ಕ್ರೇನ್‌ಗೆ ಆಮೇಲೆ ಬೇರೆ ದಾರಿ ಹುಡುಕಿದ್ರು, ಸಾಕೋರು ತಲೆಯಿಂದ ಕಾಲಿನವರೆಗೆ ಬಿಳಿ ಗೌನ್ ಹಾಕ್ಕೊಂಡು, ಕೈಗೆ ಕ್ರೇನ್ ತಲೆ ಬೊಂಬೆ ಸಿಕ್ಕಿಸ್ಕೊಂಡು, ಅದರ ಕೊಕ್ಕಿಂದ ಊಟ ತೋರಿಸ್ತಾ, ಮರಿ ಎದ್ರಿಗೆ ಒಂದು ಮಾತೂ ಆಡದೆ ಬೆಳೆಸಿದ್ರು. 2001ರಲ್ಲಿ ಆ ಮರಿಗಳು ಅಲ್ಟ್ರಾಲೈಟ್ ವಿಮಾನದ ಹಿಂದೆ ಹಾರಿ ವಿಸ್ಕಾನ್ಸಿನ್‌ನಿಂದ ಫ್ಲೋರಿಡಾಗೆ 1,900 ಕಿ.ಮೀ.ಗಿಂತ ಜಾಸ್ತಿ ಹೋದ್ವು, ವಲಸೆ ದಾರಿ ಕಲಿಸೋ ದೊಡ್ಡ ಹಕ್ಕಿ ಇರ್ಲಿಲ್ಲ ನೋಡಿ. ದಾರಿ ಕಲಿತ್ವು, ವಸಂತದಲ್ಲಿ ತಾವಾಗೇ ವಾಪಸ್ಸೂ ಬಂದ್ವು. ಆದ್ರೆ ಮೊಟ್ಟೆ ಇಟ್ಟು ಮರಿ ಮಾಡೋದು, ಮರಿ ಹಾರೋವರೆಗೆ ಕಾಯೋದು, ಅದ್ರಲ್ಲಿ ಸೋತ್ವು. 2016ರ ಹೊತ್ತಿಗೆ ವಿಮಾನದ ಪದ್ಧತಿ ನಿಲ್ಲಿಸಿದ್ರು. ಗೌನ್ ಹಾಕ್ಕೊಂಡ ಮನುಷ್ಯ ಏನನ್ನ ಕಲಿಸ್ಲಿಲ್ವೋ ಅದು ಅವಕ್ಕೆ ಬರಲಿಲ್ಲ ಅಂತ ನಂಗನ್ಸುತ್ತೆ.

ನಮ್ಮ ಕಡೆದು ಹೇಳ್ತೀನಿ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಲ್ಲಿ ಊರೊಳಗಿನ ಹುಣಸೆ ಮರಗಳ ಮೇಲೇ ಹೆಜ್ಜಾರ್ಲೆ (ಪೆಲಿಕನ್) ಗೂಡು ಕಟ್ತವೆ, ಗಾಳಿಗೆ ಮರಿ ಕೆಳಗೆ ಬಿದ್ರೆ ಮೇಲಿರೋ ತಾಯಿ ಇಳಿದು ಬಂದು ಮೇವು ಕೊಡಲ್ಲ. ಅಲ್ಲಿ ಹೆಜ್ಜಾರ್ಲೆ ಬಳಗದವ್ರು ಅಂಥ ಮರಿಗಳನ್ನ ಬೇಲಿ ಒಳಗಿಟ್ಟು ಮೀನು ಹಾಕಿ ಬೆಳೆಸಿ ಹಾರೋಕೆ ಬಿಡ್ತಾರೆ. ಹೆಜ್ಜಾರ್ಲೆ ಮರಿ ಬಾತಿನ ಥರ ಅಲ್ಲ, ಬೋಳು ಮೈ, ಮುಚ್ಚಿದ ಕಣ್ಣು, ಗೂಡಲ್ಲೇ ಬಿದ್ದಿರೋದು, ಮೊದಲ ದಿನ ಯಾರ ಹಿಂದೆನೂ ಓಡೋ ಪ್ರಶ್ನೆನೇ ಇಲ್ಲ.

ಇದನ್ನ ಓದಿ ಯಾರಾದ್ರೂ ಗಿಳಿ ಮರಿನೋ ಮೈನಾ ಮರಿನೋ ತಂದು ಅಚ್ಚು ಹೊಡೆಯೋಕೆ ಹೋಗ್ಬೇಡಿ ದಯವಿಟ್ಟು. ವನ್ಯಜೀವಿ ಕಾಯ್ದೆ 1972ರ ಪ್ರಕಾರ ಅಪರಾಧ. ಅಕ್ಕನದು ಸಾಕು ಬಾತು, ಅದಕ್ಕೆ ತೊಂದ್ರೆ ಇಲ್ಲ.

ತೋಟದ್ಮನೆ_ಹಾಸನ

ಎಲ್ರಿಗೂ ಥ್ಯಾಂಕ್ಸ್, ಎರಡು ವಾರ ಆದ್ಮೇಲೆ ಬರ್ತಿದೀನಿ. ಟೆಕ್ಸ್ ಕಥೆ ಓದಿ ರಾತ್ರಿ ನಿದ್ದೆ ಬರ್ಲಿಲ್ಲ ನಂಗೆ, ಬೆಳಗಾಗುತ್ಲೇ ಮಾವನ್ನ ಓಡಿಸಿ ಮೊಟ್ಟೆ ಕೊಟ್ಟಿದ್ದವ್ರ ಹತ್ರಾನೇ ಎರಡು ಮರಿ ತರ್ಸಿದೆ, ಹೆಚ್ಚುಕಮ್ಮಿ ಅದೇ ವಯಸ್ಸು.

ಮೊದಲನೇ ದಿನ ಬಾಲಂಗೋಚಿ ಅವನ್ನ ಕಂಡು ಹೆದ್ರಿ ನನ್ನ ಸೀರೆ ನೆರಿಗೆ ಒಳಗೆ ನುಗ್ತು. ರಾತ್ರಿ ಮೂರನ್ನೂ ಒಂದೇ ಮಂಕರಿ ಕೆಳಗೆ ಮುಚ್ಚಿ ಬಲ್ಬ್ ಹಾಕ್ದೆ, ಆ ಎರಡು ಒಂದಕ್ಕೊಂದು ಅಂಟ್ಕೊಂಡು ಮಲಗಿದ್ವು, ಇದು ಮೂಲೇಲಿ ಒಂದೇ ನಿಂತು ಅಳ್ತಾನೇ ಇತ್ತು. ಮನಸ್ಸು ತಡೀದೆ ಒಂದು ಚಪ್ಪಲಿ ಒಳಗೆ ಇಟ್ಟೆ, ಅದ್ರ ಮೇಲೆ ಕತ್ತು ಇಟ್ಟು ಮಲಗ್ತು. ನಾಲ್ಕನೇ ದಿನ ಬೆಳಗ್ಗೆ ಮಂಕರಿ ಎತ್ತಿ ನೋಡ್ತೀನಿ, ಮೂರೂ ಒಂದು ಗುಡ್ಡೆ, ಯಾವ ಕತ್ತು ಯಾವುದ್ದು ಅಂತ ಗೊತ್ತಾಗ್ತಿಲ್ಲ. ಈಗ ಹಗಲೆಲ್ಲ ಆ ಎರಡರ ಜೊತೆ ಕೆಸ್ರಲ್ಲಿ ಕೊಕ್ಕು ಆಡಿಸ್ತಾ ಇರುತ್ತೆ. ನಾನು ಬಾತ್ರೂಮಿಗೆ ಹೋದ್ರೆ ತಲೆನೂ ಎತ್ತಲ್ಲ, ಸ್ವಲ್ಪ ಹೊಟ್ಟೆ ಉರಿತು ಸುಳ್ಳೇಕೆ ಹೇಳ್ಲಿ.

ಆದ್ರೆ ಒಂದು ಯಡವಟ್ಟಾಗಿದೆ. ಸಂಜೆ ಕೂಡಿಹಾಕೋಕೆ ಹೋದಾಗ ನೀಲಿ ಚಪ್ಪಲಿ ಹಾಕಿದ್ರೆ ಬಾಲಂಗೋಚಿ ಹಿಂದೆ ಬರುತ್ತೆ, ಅದು ಬಂತು ಅಂತ ಆ ಎರಡೂ ಬರ್ತವೆ. ಮೂರೂ ಸಾಲಾಗಿ. ಮಾವ ಈಗ ಅವನ್ನ ಕೂಡೋ ಕೆಲ್ಸ ನಂದೇ ಅಂತ ತೀರ್ಮಾನ ಮಾಡಿಬಿಟ್ಟಿದಾರೆ.

ಮುದ್ದೆಪ್ರಿಯ

ಅಕ್ಕ ಆ ಚಪ್ಪಲಿ ಯಾವ ಸೈಜು? ಅಣ್ಣಂಗೆ ಹೆಣ್ಣು ನೋಡೋಕೆ ಭಾನುವಾರ ಹೋಗ್ತಿದೀವಿ, ಹುಡ್ಗಿಗೆ ಹಾಕ್ಸಿ ನೋಡೋಣ ಅಂತ.

ಗಬ್ಬೂರ_ಕೋಳಿಫಾರಂ

ಅಕ್ಕಾರ, ಚಪ್ಪಲಿ ಹರಿಯೂದರೊಳಗ ಅದೇ ಬಣ್ಣದ್ದು ಇನ್ನೊಂದು ಜೋಡಿ ತಂದು ಇಟ್ಕೋರಿ. ಮತ್ತ ಮೂರರಾಗ ಗಂಡು ಎಷ್ಟು ಹೆಣ್ಣು ಎಷ್ಟು ನೋಡ್ಕೋರಿ, ಎರಡು ತಿಂಗಳ ಆದ ಮ್ಯಾಲೆ ದನಿ ಕೇಳಿದ್ರ ತಿಳೀತೈತಿ, ಜೋರಾಗಿ ಕ್ವಾಕ್ ಅನ್ನೂದು ಹೆಣ್ಣು, ಗಂಡಿನ ದನಿ ಒಡಕು ಇರ್ತೈತಿ.